ಟ್ರಕ್ಕಿಗೆ ನೀರಿನ ಟ್ಯಾಂಕ್: ಲೀಟರಿಗಿಂತ ಮೊದಲು ತೂಕ ನೋಡಿ

ನಲ್ಲಿ, ಅಂಗಡಿ, ಮನೆ ಯಾವುದೂ ಹತ್ತಿರವಿಲ್ಲದ ಕಡೆ ನಾಲ್ಕೈದು ದಿನ ಕ್ಯಾಂಪಿಂಗಿಗೆ ಸಜ್ಜಾದ ಪಿಕಪ್ ಟ್ರಕ್ಕಿನ ಜೊತೆಗೇ ಇರುವ ಯೋಚನೆ ಇದ್ದರೆ, ಮೊದಲು ಇತ್ಯರ್ಥ ಆಗಬೇಕಾದದ್ದು ನೀರು. ಊಟ ಒಂದು ಹೊತ್ತು ಕಡಿಮೆಯಾದರೂ ನಡೆಯುತ್ತದೆ. ಡೀಸೆಲ್ ಮುಗಿದರೆ ಗಾಡಿ ಪಕ್ಕದಲ್ಲಿ ಕೂತು ಸಹಾಯಕ್ಕೆ ಕಾಯಬಹುದು. ಹಾಗೆ ಕಾಯುವುದಕ್ಕೂ ನೀರು ಬೇಕಲ್ವಾ?

ಟ್ಯಾಂಕ್ ಹುಡುಕುವವರು ಸಾಮಾನ್ಯವಾಗಿ "ಎಷ್ಟು ಲೀಟರಿನದು ತಗೊಳ್ಳಲಿ?" ಅಂತಲೇ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಆಮೇಲೆ ಬರುವ ಪ್ರಶ್ನೆ. ದಿನಕ್ಕೆ ಎಷ್ಟು ನೀರು ಖರ್ಚಾಗುತ್ತದೆ, ಗಾಡಿ ಎಷ್ಟು ತೂಕ ಹೊರುತ್ತದೆ, ಆ ತೂಕವನ್ನು ಎಲ್ಲಿಟ್ಟರೆ ಗಾಡಿ ನೆಟ್ಟಗೆ ಓಡುತ್ತದೆ, ಇವು ಮೂರು ಗೊತ್ತಾದರೆ ಟ್ಯಾಂಕಿನ ಗಾತ್ರ ತಾನಾಗಿಯೇ ಸಿಗುತ್ತದೆ. ಹಾಗಾಗಿ ಈ ಕ್ರಮದಲ್ಲೇ ಹೋಗೋಣ.

1. ದಿನದ ಖರ್ಚು ಲೆಕ್ಕ ಹಾಕಿ

ಒಬ್ಬ ದೊಡ್ಡವರಿಗೆ ಕುಡಿಯಲು ದಿನಕ್ಕೆ 3ರಿಂದ 4 ಲೀಟರ್ ಹಿಡಿಯಿರಿ. ಬಿಸಿಲು ಜೋರಾಗಿದ್ದು, ನಡೆದಾಟವೂ ಇದ್ದರೆ 6 ಲೀಟರ್ ಬೇಕಾಗಬಹುದು. ಅಡುಗೆಗೆ 2 ಲೀಟರ್, ಪಾತ್ರೆ ಮತ್ತು ಕೈ-ಮುಖಕ್ಕೆ 2 ಲೀಟರ್. ಸ್ನಾನ ಬಿಟ್ಟು ತಲೆಗೆ ಸುಮಾರು 8 ಲೀಟರ್ ಆಯಿತು. ಇದು ಕೈಬಿಗಿಹಿಡಿದ ಲೆಕ್ಕ. ವಿಪತ್ತಿನ ಸಮಯದ ಪರಿಹಾರ ಕೆಲಸಕ್ಕೆ ಬಳಸುವ ಸ್ಫಿಯರ್ ಕೈಪಿಡಿಯಲ್ಲೂ ಕುಡಿಯಲು, ಅಡುಗೆಗೆ, ಕನಿಷ್ಠ ಶುಚಿತ್ವಕ್ಕೆ ಸೇರಿ ಒಬ್ಬರಿಗೆ ದಿನಕ್ಕೆ 7.5ರಿಂದ 15 ಲೀಟರ್ ಎಂದಿದೆ. ಅದಕ್ಕಿಂತ ಕೆಳಗೆ ಇಳಿಸಿ ಪ್ಲಾನ್ ಮಾಡಬೇಡಿ.

ಸ್ನಾನದ ವಿಷಯ ಬೇರೆ. ನಿಮಿಷಕ್ಕೆ 6 ಲೀಟರ್ ಬಿಡುವ ಶವರಿನ ಕೆಳಗೆ ಮೂರು ನಿಮಿಷ ನಿಂತರೆ 18 ಲೀಟರ್ ಹೋಯಿತು. ಇಬ್ಬರ ಒಂದು ದಿನದ ಕುಡಿಯುವ, ಅಡುಗೆಯ, ತೊಳೆಯುವ ನೀರಿಗಿಂತ ಅದು ಜಾಸ್ತಿ. ಕೈಪಂಪಿನ ಸ್ಪ್ರೇಯರ್ ಇಟ್ಟುಕೊಂಡರೆ 4-5 ಲೀಟರಿನಲ್ಲಿ ಮೈ ತೊಳೆಯಬಹುದು. ಹಾಗಾಗಿ ಸ್ನಾನ ಎಷ್ಟು ದಿನಕ್ಕೊಮ್ಮೆ, ಯಾವ ರೀತಿ ಅನ್ನುವುದನ್ನು ಈಗಲೇ ತೀರ್ಮಾನಿಸಿ. ಟ್ಯಾಂಕಿನ ಗಾತ್ರವನ್ನು ಬೇರೆಲ್ಲಕ್ಕಿಂತ ಹೆಚ್ಚು ಬದಲಾಯಿಸುವುದು ಇದೇ.

ಉದಾಹರಣೆಗೆ ಇಬ್ಬರು, ಐದು ದಿನ, ಸ್ನಾನ ಇಲ್ಲ. 2 × 5 × 8, ಅಂದರೆ 80 ಲೀಟರ್. ಇದರ ಮೇಲೆ ಮೀಸಲು ಬೇಕು. ಗಾಡಿ ಕೆಟ್ಟು ಎರಡು ದಿನ ಸಿಕ್ಕಿಹಾಕಿಕೊಂಡರೆ ಕುಡಿಯಲು ಮತ್ತು ಒಂಚೂರು ಬೇಯಿಸಲು ತಲೆಗೆ ದಿನಕ್ಕೆ 5 ಲೀಟರ್ ಎಂದು ಹಿಡಿದರೆ ಇನ್ನು 20 ಲೀಟರ್. ಒಟ್ಟು 100. ಈ ಮೀಸಲು 20 ಲೀಟರ್ ದೊಡ್ಡ ಟ್ಯಾಂಕಿನಲ್ಲಿ ಇರಬಾರದು, ಪ್ರತ್ಯೇಕ ಕ್ಯಾನಿನಲ್ಲಿ ಇರಬೇಕು. ಕಾರಣ ಮುಂದೆ ಹೇಳುತ್ತೇನೆ.

ಈ ಸಂಖ್ಯೆಗಳ ಮೇಲೆ ನಂಬಿಕೆ ಬರದಿದ್ದರೆ ಒಂದು ರಜಾದಿನ ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು 20 ಲೀಟರ್ ಕ್ಯಾನ್ ತುಂಬಿ, ಕುಡಿಯಲು, ಬೇಯಿಸಲು, ತೊಳೆಯಲು ಅದರಿಂದ ಮಾತ್ರ ತೆಗೆದುಕೊಳ್ಳಿ. ರಾತ್ರಿ ಎಷ್ಟು ಉಳಿದಿದೆ ನೋಡಿ. ನಿಮ್ಮ ಮನೆಯವರ ನಿಜವಾದ ಲೆಕ್ಕ ಅದು.

2. ಗಾಡಿ ಎಷ್ಟು ಹೊರುತ್ತದೆ ನೋಡಿ

ಒಂದು ಲೀಟರ್ ನೀರು ಒಂದು ಕೆಜಿ. 100 ಲೀಟರ್ ಅಂದರೆ 100 ಕೆಜಿ, ಟ್ಯಾಂಕು, ಅದನ್ನು ಹಿಡಿದಿಡುವ ಪಟ್ಟಿ, ಬೋಲ್ಟು, ಪಂಪು ಎಲ್ಲ ಸೇರಿ ಇನ್ನೊಂದು 10-15 ಕೆಜಿ. ಮೇಲ್ನೋಟಕ್ಕೆ ಟ್ರಕ್ಕಿಗೆ ಇದು ಯಾವ ಲೆಕ್ಕ ಅನ್ನಿಸಬಹುದು. ಆದರೆ ಕ್ಯಾಂಪಿಂಗಿಗೆ ಸಜ್ಜಾದ ಟ್ರಕ್ಕಿನಲ್ಲಿ ಉಳಿಯುವ ತೂಕ ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ.

ಗಾಡಿಯ ಪುಸ್ತಕದಲ್ಲೋ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲೋ ಎರಡು ಸಂಖ್ಯೆ ಹುಡುಕಿ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಜಿವಿಡಬ್ಲ್ಯೂ ಅಥವಾ ಜಿವಿಎಂ ಎಂದು ಬರೆದಿರುವ, ಎಲ್ಲ ಸೇರಿ ದಾಟಬಾರದ ತೂಕ. ಖಾಲಿ ತೂಕ 2050 ಕೆಜಿ, ಮಿತಿ 2950 ಕೆಜಿ ಎಂದುಕೊಳ್ಳಿ. ನಡುವೆ 900 ಕೆಜಿ ಇದೆ. ಈಗ ಕಳೆಯುತ್ತಾ ಹೋಗಿ. ಇಬ್ಬರು ಜನ 150. ಹಿಂದಿನ ಬಾಡಿಯ ಮೇಲಿನ ಮುಚ್ಚಿಗೆ 90. ಮುಂದಿನ ಗಾರ್ಡ್ ಮತ್ತು ವಿಂಚ್ 80. ಕ್ಯಾನಿನಲ್ಲಿ 40 ಲೀಟರ್ ಡೀಸೆಲ್ 33. ಎರಡನೇ ಬ್ಯಾಟರಿ 25. ಫ್ರಿಜ್ಜು, ಅದರೊಳಗಿನ ಸಾಮಾನು 45. ಮೇಲಿನ ಟೆಂಟು 60. ಸ್ಟೆಪ್ನಿ, ಜಾಕು, ಸಾಧನ ಸಾಮಗ್ರಿ 80. ಒಲೆ, ಮೇಜು, ಹಾಸಿಗೆ, ಬಟ್ಟೆಬರೆ 100. ಕೂಡಿಸಿದರೆ 663. ಉಳಿದದ್ದು 237 ಕೆಜಿ ಅಷ್ಟೇ. ಅದರಲ್ಲಿ 200 ಲೀಟರ್ ಟ್ಯಾಂಕ್ ಕೂರಿಸಿದರೆ ನಿಮ್ಮ ಗಾಡಿ ಮಿತಿಗೆ ತಾಗಿಕೊಂಡೇ ಓಡುತ್ತದೆ. ಕೆಟ್ಟ ರಸ್ತೆಯಲ್ಲಿ ಸ್ಪ್ರಿಂಗ್ ಪಟ್ಟಿ, ಬುಶ್ಶು, ಟೈರು, ಬ್ರೇಕು ಎಲ್ಲಕ್ಕೂ ಅದು ಏಟು.

ಈ ಕಾಗದದ ಲೆಕ್ಕ ಮೊದಲ ಅಂದಾಜಿಗೆ ಸಾಕು. ಖಾಲಿ ತೂಕ ಅಂದರೆ ಡೀಸೆಲ್ ಟ್ಯಾಂಕ್ ತುಂಬಿದ್ದೋ ಇಲ್ಲವೋ ಅನ್ನುವುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಹಿಡಿಯುತ್ತದೆ. ಹಾಗಾಗಿ ಟ್ಯಾಂಕ್ ಕೊಳ್ಳುವ ಮೊದಲು, ಪ್ರವಾಸಕ್ಕೆ ಹೊರಡುವ ಹಾಗೆ ಎಲ್ಲವನ್ನೂ ತುಂಬಿ, ಜನರನ್ನೂ ಕೂರಿಸಿ, ವೇಬ್ರಿಡ್ಜಿಗೆ ಹೋಗಿ ತೂಗಿಸಿ. ಮುಂದಿನ ಚಕ್ರ ಒಂದು ಸಲ, ಹಿಂದಿನ ಚಕ್ರ ಒಂದು ಸಲ, ಎರಡೂ ಬೇರೆ ಬೇರೆ ಬೇಕು. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಾತ್ರ ತನ್ನ ಮಿತಿ ದಾಟಿರುವುದು ಈ ಬಗೆಯ ಟ್ರಕ್ಕುಗಳಲ್ಲಿ ತುಂಬಾ ಸಾಮಾನ್ಯ. ಹೀಗೆ ತೂಗಿದ ಮೇಲೆ ಎಷ್ಟು ಉಳಿಯಿತೋ ಅದರಲ್ಲಿ 50 ಕೆಜಿ ಬಿಟ್ಟು ಮಿಕ್ಕಿದ್ದು ನೀರಿಗೆ.

ಲೆಕ್ಕಕ್ಕೆ ಬೇಕಾದಷ್ಟು ನೀರು ಈ ತೂಕದಲ್ಲಿ ಹಿಡಿಯದಿದ್ದರೆ ಬೇರೆ ಸಾಮಾನು ಇಳಿಸಿ, ಇಲ್ಲವೇ ದಿನ ಕಡಿಮೆ ಮಾಡಿ. ನೀರನ್ನು ಕಡಿತ ಮಾಡಬೇಡಿ.

3. ಜಾಗ ಆರಿಸಿ

ಎರಡೇ ಸೂತ್ರ: ಆದಷ್ಟು ಕೆಳಗೆ, ಆದಷ್ಟು ಎರಡು ಆಕ್ಸಲ್‌ಗಳ ನಡುವೆ.

ಚಾವಣಿಯ ಮೇಲೆ ಪೈಪಿನ ರೂಪದ ಟ್ಯಾಂಕ್ ಇಡುವವರಿದ್ದಾರೆ. ಕೈ ತೊಳೆಯಲು ಹತ್ತಿಪ್ಪತ್ತು ಲೀಟರ್ ಆದರೆ ಪರವಾಗಿಲ್ಲ. ಅದೂ ಕ್ಯಾರಿಯರಿನ ಮಿತಿಯೊಳಗೆ. 80 ಲೀಟರನ್ನು ತಲೆಯ ಮೇಲೆ ಹೊತ್ತ ಗಾಡಿ ಓರೆ ದಾರಿಯಲ್ಲಿ ವಾಲುವುದನ್ನು ಒಳಗೆ ಕೂತವರ ಹೊಟ್ಟೆಯೇ ಹೇಳುತ್ತದೆ.

ಹಿಂದಕ್ಕೆ, ಡೋರಿನ ಪಕ್ಕ ಇಡುವುದು ಸಲೀಸು ಅನ್ನಿಸುತ್ತದೆ, ನಲ್ಲಿ ಕೈಗೆ ಸಿಗುತ್ತದೆ. ಆದರೆ ಲೆಕ್ಕ ನೋಡಿ. ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಇದೆ, ಟ್ಯಾಂಕ್ ಹಿಂದಿನ ಆಕ್ಸಲ್‌ಗಿಂತ 1 ಮೀಟರ್ ಹಿಂದಿದೆ ಎಂದುಕೊಳ್ಳಿ. 80 ಕೆಜಿ ನೀರು ಹಿಂದಿನ ಆಕ್ಸಲ್ ಮೇಲೆ ಸುಮಾರು 107 ಕೆಜಿಯಾಗಿ ಕೂರುತ್ತದೆ. ಆ ಹೆಚ್ಚಿನ 27 ಕೆಜಿ ಬಂದದ್ದು ಮುಂದಿನ ಚಕ್ರದಿಂದ. ಅಂದರೆ ಸ್ಟೀರಿಂಗ್ ಇರುವ ಚಕ್ರ ಅಷ್ಟು ಹಗುರವಾಯಿತು. ಅದೇ ಟ್ಯಾಂಕನ್ನು ಬಾಡಿಯ ಮುಂಭಾಗದಲ್ಲಿ, ಕ್ಯಾಬಿನ್ನಿನ ಬೆನ್ನಿಗೆ ಒರಗಿಸಿ, ಹಿಂದಿನ ಆಕ್ಸಲ್‌ಗಿಂತ 60 ಸೆಂಟಿಮೀಟರ್ ಮುಂದಿಟ್ಟರೆ ಹಿಂದೆ 64, ಮುಂದೆ 16 ಎಂದು ಹಂಚಿಹೋಗುತ್ತದೆ. ನೀರು ಅದೇ, ಟ್ಯಾಂಕ್ ಅದೇ. ಜಾಗ ಬದಲಾದದ್ದಕ್ಕೆ ಹಿಂದಿನ ಆಕ್ಸಲ್‌ಗೆ 43 ಕೆಜಿ ಉಳಿಯಿತು.

ಬಾಡಿಯ ಕೆಳಗೆ, ಚಾಸಿಯ ಪಕ್ಕದಲ್ಲಿ ಕೂರಿಸುವ ಟ್ಯಾಂಕ್ ತೂಕದ ದೃಷ್ಟಿಯಿಂದ ಬಹಳ ಒಳ್ಳೆಯದು, ಮೇಲಿನ ಜಾಗವೂ ಉಳಿಯುತ್ತದೆ. ಅಲ್ಲಿ ಮೂರು ವಿಷಯ ನೋಡಿಕೊಳ್ಳಿ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ, ನಡುವೆ ತಗಡಿನ ಶೀಲ್ಡ್ ಇರಲಿ. ಕಲ್ಲು ಬಡಿಯದ ಹಾಗೆ ಕೆಳಗೆ ಗಟ್ಟಿ ತಟ್ಟೆ ಬೇಕು. ಟ್ಯಾಂಕ್ ಗಾಡಿಯ ಅತಿ ತಗ್ಗಿನ ಭಾಗ ಆಗಬಾರದು. ಇನ್ನೊಂದು, ಏಣಿ ಚಾಸಿ (ಎರಡು ಉದ್ದ ಕಂಬಿಗಳನ್ನು ಅಡ್ಡಪಟ್ಟಿಗಳಿಂದ ಸೇರಿಸಿದ ಚೌಕಟ್ಟು) ಇರುವ ಟ್ರಕ್ಕು ಹಳ್ಳದಿಣ್ಣೆಯಲ್ಲಿ ತಿರುಚಿಕೊಳ್ಳುತ್ತದೆ. ಒಂದು ಚಕ್ರ ಮೇಲೆ, ಎದುರು ಮೂಲೆಯ ಚಕ್ರ ಕೆಳಗೆ ಇದ್ದಾಗ ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗುವುದು ಬರಿಗಣ್ಣಿಗೇ ಕಾಣುತ್ತದೆ. ಎರಡೂ ಕಡೆಯ ಚಾಸಿಗೆ ನಾಲ್ಕು ಬೋಲ್ಟು ಹಾಕಿ ಬಿಗಿದ ಟ್ಯಾಂಕ್ ಆ ತಿರುಚನ್ನು ತಾನೇ ತಡೆಯಲು ಹೋಗಿ ಬಿರುಕು ಬಿಡುತ್ತದೆ. ಒಂದೇ ಪಕ್ಕದ ಚಾಸಿಗೆ ಕೂರಿಸಿ. ಅಡ್ಡಲಾಗಿ ಹಾಕಲೇಬೇಕಾದರೆ ರಬ್ಬರ್ ಬುಶ್ ಹಾಕಿ, ಮೂರೇ ಕಡೆ ಹಿಡಿತ ಕೊಡಿ.

ಕ್ಯಾಬಿನ್ನಿನ ಒಳಗೆ, ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಕೂರುವ ಚಪ್ಪಟೆ ಟ್ಯಾಂಕೂ ಬರುತ್ತದೆ. ಹಿಂದೆ ಯಾರೂ ಕೂರುವುದಿಲ್ಲ ಅಂತಾದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ: ತಗ್ಗಿನಲ್ಲಿ, ನಡುವಿನಲ್ಲಿ, ನೆರಳಿನಲ್ಲಿ.

4. ರಟ್ಟಿನಲ್ಲಿ ಮಾಡಿ ನೋಡಿ

ಜಾಗದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. 100 × 20 × 40 ಅಂದರೆ 80 ಲೀಟರ್. ಆದರೆ ಇದು ಹೊರಗಿನ ಅಳತೆ. ಗೋಡೆ 6 ಮಿಲಿಮೀಟರ್ ದಪ್ಪ ಇದ್ದರೆ ಒಳಗೆ ಹಿಡಿಯುವುದು 72 ಲೀಟರ್. ನೀರು ಹೊರಬರುವ ತೂತು ತಳಕ್ಕಿಂತ 2 ಸೆಂಟಿಮೀಟರ್ ಮೇಲಿದ್ದರೆ ಇನ್ನೂ ಮೂರೂವರೆ ಲೀಟರಿಗಿಂತ ಜಾಸ್ತಿ ಒಳಗೇ ಉಳಿಯಿತು. ಮೂಲೆಗಳು ದುಂಡಗಿದ್ದರೆ ಮತ್ತಷ್ಟು ಕಡಿಮೆ. ಹಾಗಾಗಿ ಕಂಪನಿಯವರನ್ನು "ಬಳಕೆಗೆ ಸಿಗುವ ನೀರು ಎಷ್ಟು?" ಎಂದೇ ಕೇಳಿ.

ಆಮೇಲೆ ಅದೇ ಅಳತೆಯ ಪೆಟ್ಟಿಗೆಯನ್ನು ರಟ್ಟಿನಲ್ಲಿ ಮಾಡಿ, ಜಾಗದಲ್ಲಿ ಇಟ್ಟು ನೋಡಿ. ಮುಚ್ಚಳ ತಿರುಗಿಸಲು ಕೈ ಹೋಗುತ್ತದಾ, ಪೈಪು ಬಾಗಿ ಬರಲು ಪಕ್ಕದಲ್ಲಿ ನಾಲ್ಕು ಬೆರಳು ಜಾಗ ಇದೆಯಾ, ಫ್ರಿಜ್ಜಿನ ಬಾಗಿಲು ತೆರೆಯುತ್ತದಾ, ಎಲ್ಲ ಆಗಲೇ ಗೊತ್ತಾಗುತ್ತದೆ.

5. ಯಾವುದರಿಂದ ಮಾಡಿದ್ದು?

ಹೆಚ್ಚಿನವರಿಗೆ ನನ್ನ ಸಲಹೆ ಪಾಲಿಎಥಿಲೀನ್, ಅಂದರೆ ಒಂದೇ ಅಚ್ಚಿನಲ್ಲಿ ಸುತ್ತಿಸಿ ಎರಕ ಹೊಯ್ದ, ಜೋಡಣೆಯೇ ಇಲ್ಲದ ಪ್ಲಾಸ್ಟಿಕ್ ಟ್ಯಾಂಕ್. ಹಗುರ, ತುಕ್ಕಿಲ್ಲ, ಏಟು ಬಿದ್ದರೆ ಸ್ವಲ್ಪ ಬಾಗಿ ತಡೆದುಕೊಳ್ಳುತ್ತದೆ. ಒಂದು ಕೊರತೆ ಇದೆ. ಇದಕ್ಕೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಬಿರುಕು ಬಿಟ್ಟರೆ ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಬಿಸಿ ಮಾಡಿ ಬೆಸೆಯಬೇಕು.

ಸ್ಟೇನ್‌ಲೆಸ್ ಸ್ಟೀಲ್ ನೋಡಲು ಚೆಂದ, ರುಚಿ ಬಿಡುವುದಿಲ್ಲ, ಒಳಗೆ ಉಜ್ಜಿ ತೊಳೆಯಬಹುದು. ಆದರೆ ಭಾರ. ಅಲುಗಾಟದಲ್ಲಿ ಬೆಸುಗೆಯ ಅಂಚಿನಲ್ಲೇ ಬಿರುಕು ಶುರುವಾಗುತ್ತದೆ. ಕ್ಲೋರಿನ್ ಜಾಸ್ತಿ ಹಾಕಿ ಬಹಳ ಹೊತ್ತು ಬಿಟ್ಟರೆ, ಇಲ್ಲವೇ ಉಪ್ಪು ನೀರು ತುಂಬಿದರೆ ಸಣ್ಣ ಚುಕ್ಕಿಗಳಾಗಿ ತುಕ್ಕು ಕೊರೆಯುತ್ತದೆ. ಸ್ಟೀಲೇ ಬೇಕು ಎಂದರೆ 304 ಬಿಟ್ಟು 316 ದರ್ಜೆ ಕೇಳಿ, ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಈ ತುಕ್ಕಿಗೆ ಜಾಸ್ತಿ ತಡೆಯುತ್ತದೆ. ಅಲ್ಯೂಮಿನಿಯಂ ಟ್ಯಾಂಕನ್ನು ಕುಡಿಯುವ ನೀರಿಗೆ ನಾನು ಹೇಳುವುದಿಲ್ಲ.

ಚೀಲದ ರೂಪದ ಮೆತ್ತನೆ ಟ್ಯಾಂಕ್ ಖಾಲಿಯಾದಾಗ ಮಡಚಿ ಇಡಬಹುದು, ನೀರು ಕಡಿಮೆಯಾದಂತೆ ತಾನೂ ಕುಗ್ಗುವುದರಿಂದ ಒಳಗೆ ಅಲುಗಾಟ ಕಡಿಮೆ. ವರ್ಷಕ್ಕೊಂದೆರಡು ಸಲ ಹೋಗುವವರಿಗೆ ಸರಿ. ಆದರೆ ಒಳಗೆ ಕೈ ಹಾಕಿ ತೊಳೆಯಲಾಗುವುದಿಲ್ಲ, ಒಂದು ಸ್ಕ್ರೂ ತುದಿ ತಾಗಿದರೂ ಕಥೆ ಮುಗಿಯಿತು.

ಯಾವುದೇ ಆದರೂ "ಆಹಾರಕ್ಕೆ ಯೋಗ್ಯ" ಎಂದಷ್ಟೇ ಹೇಳಿದರೆ ಸಾಲದು. ಕುಡಿಯುವ ನೀರಿಗೆ ಯೋಗ್ಯ ಎಂಬ ಪ್ರಮಾಣ ಇದೆಯಾ ಕೇಳಿ. ಅಮೆರಿಕದ ಎನ್‌ಎಸ್‌ಎಫ್/ಎಎನ್‌ಎಸ್‌ಐ 61, ಆಸ್ಟ್ರೇಲಿಯಾ-ನ್ಯೂಜಿಲೆಂಡಿನ ಎಎಸ್/ಎನ್‌ಝಡ್‌ಎಸ್ 4020 ಅಂಥವು. ತಳದಲ್ಲಿ ತ್ರಿಕೋನದೊಳಗಿನ 2 ಎಂಬ ಅಂಕಿ ಹೇಳುವುದು ಯಾವ ಬಗೆಯ ಪ್ಲಾಸ್ಟಿಕ್ ಎಂದು ಮಾತ್ರ, ಅದು ಕುಡಿಯುವ ನೀರಿನ ಪ್ರಮಾಣ ಅಲ್ಲ. ಹಿಂದೆ ಡೀಸೆಲ್ಲೋ ಔಷಧಿಯೋ ಇದ್ದ ಡ್ರಮ್ಮನ್ನು ಎಷ್ಟೇ ತೊಳೆದರೂ ನೀರಿಗೆ ಬಳಸಲೇಬೇಡಿ. ಪ್ಲಾಸ್ಟಿಕ್ ಅದನ್ನು ಹೀರಿಕೊಂಡಿರುತ್ತದೆ.

ಬಣ್ಣವೂ ಮುಖ್ಯ. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ. ಹೊರಗೆ ಬಿಸಿಲಿಗೆ ಕಾಣುವ ಜಾಗದಲ್ಲಾದರೆ ಬೆಳಕು ತೂರದ, ಬಿಸಿಲು ತಾಳುವ ಟ್ಯಾಂಕೇ ಬೇಕು. ಮುಚ್ಚಿದ ಬಾಡಿಯೊಳಗೆ ಆದರೆ ಅರೆಪಾರದರ್ಶಕ ಟ್ಯಾಂಕ್ ಇಡಬಹುದು, ನೀರಿನ ಮಟ್ಟ ಹೊರಗಿನಿಂದಲೇ ಕಾಣುವುದು ದೊಡ್ಡ ಅನುಕೂಲ.

6. ಒಂದೇ ದೊಡ್ಡದೋ, ಎರಡು ಚಿಕ್ಕದೋ?

ಎರಡು. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಒಂದು ಫಿಟಿಂಗ್ ಕಳಚಿದರೆ, ಒಂದು ಕಲ್ಲು ಬಡಿದರೆ, ಒಂದೇ ಟ್ಯಾಂಕಿನಲ್ಲಿದ್ದ ನೀರು ಪೂರ್ತಿ ಹೋಗುತ್ತದೆ. ಅದು ನಿಮಗೆ ಗೊತ್ತಾಗುವುದು ಸಂಜೆ ಗಾಡಿ ನಿಲ್ಲಿಸಿದ ಮೇಲೆ. ಇದಕ್ಕಿಂತ ಹೆಚ್ಚಾಗಿ ಆಗುವ ತೊಂದರೆ ಇನ್ನೊಂದಿದೆ. ದಾರಿಯಲ್ಲಿ ಎಲ್ಲೋ ಸಿಕ್ಕ ನೀರನ್ನು ಅರ್ಧ ಉಳಿದಿರುವ ಒಳ್ಳೆಯ ನೀರಿನ ಮೇಲೆ ಸುರಿಯುತ್ತೀರಿ. ಆ ನೀರು ಉಪ್ಪೋ ಕಲುಷಿತವೋ ಆಗಿದ್ದರೆ ಇದ್ದದ್ದೂ ಹೋಯಿತು. ಎರಡು ಟ್ಯಾಂಕ್ ಇದ್ದು ಎರಡಕ್ಕೂ ಬೇರೆ ಬೇರೆ ವಾಲ್ವ್ ಇದ್ದರೆ ಒಂದು ಪೂರ್ತಿ ಖಾಲಿ ಆದಮೇಲೆ ಅದಕ್ಕೆ ಮಾತ್ರ ಹೊಸ ನೀರು ತುಂಬಬಹುದು.

ಅಲುಗಾಟದ ವಿಷಯದಲ್ಲೂ ಇದೇ ಒಳ್ಳೆಯದು. ಪೂರ್ತಿ ತುಂಬಿದ ಟ್ಯಾಂಕಿನಲ್ಲಿ ನೀರು ಓಡಾಡುವುದಿಲ್ಲ. ಖಾಲಿಯಲ್ಲಿ ಓಡಾಡಲು ಏನೂ ಇಲ್ಲ. ತೊಂದರೆ ಕೊಡುವುದು ಅರ್ಧ ತುಂಬಿದ್ದು. ಬ್ರೇಕ್ ಒತ್ತಿದಾಗ ನೀರು ಮುಂದಕ್ಕೆ ನುಗ್ಗಿ ಗೋಡೆಗೆ ಬಡಿಯುತ್ತದೆ, ತಿರುವಿನಲ್ಲಿ ಹೊರಪಕ್ಕಕ್ಕೆ ಸರಿದು ಗಾಡಿಯನ್ನು ಇನ್ನಷ್ಟು ವಾಲಿಸುತ್ತದೆ. 50 ಲೀಟರಿಗಿಂತ ದೊಡ್ಡ ಟ್ಯಾಂಕ್ ಆದರೆ ಒಳಗೆ ತೂತಿರುವ ಅಡ್ಡಗೋಡೆ ಇರುವುದನ್ನೇ ಆರಿಸಿ. ಅದು ನೀರಿನ ಓಟವನ್ನು ಮುರಿಯುತ್ತದೆ. ಎರಡು 40 ಲೀಟರಿನ ಟ್ಯಾಂಕ್ ಆದರೆ ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ, ಒಂದೇ ಹೊತ್ತಿಗೆ ಎರಡೂ ಅರ್ಧ ಆಗುವುದು ಬೇಡ.

ಎರಡು ಟ್ಯಾಂಕಿಗೆ ಜಾಗ ಇಲ್ಲವೇ? ಒಂದು ಟ್ಯಾಂಕ್, ಜೊತೆಗೆ ಎರಡು 10 ಲೀಟರ್ ಕ್ಯಾನ್. ಮೀಸಲು ನೀರು ಅಂದೆನಲ್ಲ, ಅದು ಈ ಕ್ಯಾನಿನಲ್ಲಿ. ಸೀಲ್ ಒಡೆಯದೆ, ಪ್ರವಾಸ ಮುಗಿದು ಮನೆಗೆ ಬರುವವರೆಗೂ ಮುಟ್ಟದೆ ಇರಲಿ. ಗಾಡಿ ಬಿಟ್ಟು ನಡೆಯಬೇಕಾಗಿ ಬಂದರೆ ಎತ್ತಿಕೊಂಡು ಹೋಗಬಹುದಾದ ನೀರೂ ಇದೇ.

7. ತೂತು, ಮುಚ್ಚಳ, ಫಿಟಿಂಗ್

ಪ್ಲಾಸ್ಟಿಕ್ ಟ್ಯಾಂಕುಗಳು ಗೋಡೆಯಲ್ಲಿ ಸೋರುವುದು ಅಪರೂಪ. ಸೋರುವುದು ಫಿಟಿಂಗ್ ಕೂತ ಜಾಗದಲ್ಲಿ. ಹಾಗಾಗಿ ಕೊಳ್ಳುವಾಗ ಇಲ್ಲಿ ಹೊತ್ತು ಕಳೆಯಿರಿ.

ಟಾರ್ಚ್ ಹಿಡಿದು ನೀರು ಹೊರಬರುವ ತೂತಿನ ಸುತ್ತ ನೋಡಿ. ಹಿತ್ತಾಳೆಯ ಮರೆ (ಫಿಟಿಂಗ್ ತಿರುಗಿಸಿ ಕೂರಿಸುವ ಥ್ರೆಡ್) ಎರಕದ ಜೊತೆಗೇ ಪ್ಲಾಸ್ಟಿಕ್ಕಿನಲ್ಲಿ ಕೂತಿದ್ದರೆ ಒಳ್ಳೆಯದು. ಅದರ ಸುತ್ತ ಪ್ಲಾಸ್ಟಿಕ್ ಬಿಳಿಚಿಕೊಂಡಿದ್ದರೆ, ಕೂದಲೆಳೆಯಂಥ ಗೆರೆ ಕಂಡರೆ ಆ ಟ್ಯಾಂಕ್ ಬೇಡ. ಬೆರಳು ಒಳಗೆ ಹಾಕಿ ಮರೆ ಸವರಿ. ಪ್ಲಾಸ್ಟಿಕ್ ಚೂರು ಅಂಟಿಕೊಂಡಿದ್ದರೆ ಫಿಟಿಂಗ್ ಓರೆಯಾಗಿ ಹತ್ತುತ್ತದೆ.

ಮರೆಗಳಲ್ಲಿ ಎರಡು ಜಾತಿ ಇವೆ, ಬ್ರಿಟಿಷ್ ಅಳತೆಯ ಬಿಎಸ್‌ಪಿ ಮತ್ತು ಅಮೆರಿಕದ ಅಳತೆಯ ಎನ್‌ಪಿಟಿ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡರಲ್ಲೂ ಇಂಚಿಗೆ 14 ಸುತ್ತು. ಹಾಗಾಗಿ ಒಂದಕ್ಕೊಂದು ಹಾಕಿದರೆ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಸರಿಯಾಗೇ ಇದೆ ಅನ್ನಿಸುತ್ತದೆ. ಆದರೆ ಹಲ್ಲಿನ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಅಲುಗಾಟಕ್ಕೆ ಸಿಕ್ಕ ಮೇಲೆ ಜಿನುಗುತ್ತದೆ. ಟ್ಯಾಂಕ್, ಪಂಪ್, ನಲ್ಲಿ ಮೂರೂ ಯಾವ ಜಾತಿ ಎಂದು ಬರೆದಿಟ್ಟುಕೊಂಡೇ ಅಂಗಡಿಗೆ ಹೋಗಿ.

ಫಿಟಿಂಗಿನಿಂದ ಮುಂದಕ್ಕೆ ಗಟ್ಟಿ ಪೈಪು ಹಾಕಬೇಡಿ. ಟ್ಯಾಂಕ್ ಒಂದು ರೀತಿ ಅದುರುತ್ತದೆ, ಬಾಡಿ ಇನ್ನೊಂದು ರೀತಿ. ನಡುವಿನ ಗಟ್ಟಿ ಪೈಪು ಸನ್ನೆಕೋಲಾಗಿ ಫಿಟಿಂಗನ್ನು ಮೀಟುತ್ತದೆ. ಕುಡಿಯುವ ನೀರಿಗೆ ಯೋಗ್ಯವಾದ ಮೆತ್ತನೆ ಹೋಸ್, ಎರಡು ತುದಿಗೂ ಸ್ಟೀಲ್ ಕ್ಲಿಪ್, ನಡುವೆ ಒಂಚೂರು ಸಡಿಲ. ಟ್ಯಾಂಕಿನ ಬುಡದಲ್ಲೇ ಒಂದು ಬಾಲ್ ವಾಲ್ವ್ ಇರಲಿ, ಮುಂದೆ ಎಲ್ಲಿ ಸೋರಿದರೂ ಅಲ್ಲೇ ನಿಲ್ಲಿಸಬಹುದು.

ಗಾಳಿಯ ತೂತು ಮರೆಯಬೇಡಿ. ನೀರು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಆ ದಾರಿ ಕಟ್ಟಿದರೆ ಪಂಪು ಎಳೆದ ಎಳೆತಕ್ಕೆ ಟ್ಯಾಂಕಿನ ಗೋಡೆಯೇ ಒಳಕ್ಕೆ ಕುಸಿಯುತ್ತದೆ, ತುಂಬುವಾಗ ನೀರು ಉಗುಳಿ ಹೊರಗೆ ಬರುತ್ತದೆ. ಗಾಳಿಯ ಹೋಸನ್ನು ಎತ್ತರಕ್ಕೆ ಒಯ್ದು, ತುದಿಯನ್ನು ಕೆಳಮುಖ ಮಾಡಿ, ಬಾಯಿಗೆ ಸಣ್ಣ ಜಾಲರಿ ಕಟ್ಟಿ. ಬಾಡಿಯ ಕೆಳಗಿನ ಟ್ಯಾಂಕ್ ಆದರೆ ಈ ತುದಿ ನೀವು ದಾಟುವ ಹೊಳೆಯ ನೀರಿಗಿಂತ ಮೇಲಿರಲೇಬೇಕು.

ತುಂಬುವ ಬಾಯಿ ಕೈ ಹೋಗುವಷ್ಟು ಅಗಲ ಇರಲಿ. ತಳದ ಅತಿ ತಗ್ಗಿನಲ್ಲಿ ಪೂರ್ತಿ ಖಾಲಿ ಮಾಡಲು ಒಂದು ತಿರುಪು ಇರಲಿ. ತೊಳೆಯಲಾಗದ ಟ್ಯಾಂಕ್ ಒಂದೆರಡು ವರ್ಷದಲ್ಲಿ ವಾಸನೆ ಹೊಡೆಯುವುದು ಖಂಡಿತ.

8. ಬಿಗಿಯಾಗಿ ಕೂರಿಸಿ

ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಏನಕ್ಕಾದರೂ ಗುದ್ದಿ 60 ಸೆಂಟಿಮೀಟರಿನಲ್ಲಿ ನಿಂತಿತು ಎಂದುಕೊಳ್ಳಿ. ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 16 ಪಟ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. 80 ಕೆಜಿ ನೀರು ಆ ಕ್ಷಣ 1.3 ಟನ್ ಹತ್ತಿರ. ಅದರ ಮುಂದೆ ಕೂತಿರುವುದು ನೀವು, ನಿಮ್ಮವರು. ಸಾಮಾನು ಕಟ್ಟುವ ತೆಳು ಬೆಲ್ಟು, ತಗಡಿಗೆ ಹೊಡೆದ ಸ್ಕ್ರೂ ಇದಕ್ಕೆ ಆಗುವುದಿಲ್ಲ. ಬಾಡಿಯ ನೆಲ ತೂರಿ ಹೋದ ಬೋಲ್ಟು, ಕೆಳಗೆ ದೊಡ್ಡ ವಾಷರ್ ಅಥವಾ ದಪ್ಪ ಪಟ್ಟಿ, ಟ್ಯಾಂಕನ್ನು ಸುತ್ತಿ ಹಿಡಿಯುವ ಸ್ಟೀಲ್ ಪಟ್ಟಿ ಅಥವಾ ತೂಕದ ಮಿತಿ ಬರೆದಿರುವ ರ್‍ಯಾಚೆಟ್ ಬೆಲ್ಟು ಬೇಕು. ಟ್ಯಾಂಕ್ ಕ್ಯಾಬಿನ್ನಿನ ಬೆನ್ನಿಗೆ ಒರಗಿದ್ದರೆ ನುಗ್ಗಲು ಜಾಗವೇ ಇರುವುದಿಲ್ಲ. ಆ ಜಾಗ ನನಗೆ ಇಷ್ಟವಾಗಲು ಇದೂ ಒಂದು ಕಾರಣ.

ತಳ ಪೂರ್ತಿ ಸಮವಾಗಿ ಕೂರಬೇಕು. ಉಬ್ಬುತಗ್ಗಿನ ನೆಲದ ಮೇಲೆ ನೇರವಾಗಿ ಇಟ್ಟರೆ ಭಾರವೆಲ್ಲ ಉಬ್ಬಿದ ಗೆರೆಗಳ ಮೇಲೆ ಬಿದ್ದು ಅಲ್ಲಿ ಸವೆಯುತ್ತದೆ. ಒಂದು ಹಲಗೆ ಹಾಸಿ, ಸ್ಕ್ರೂ ತಲೆಗಳನ್ನು ಮರದೊಳಗೆ ತಗ್ಗಿಸಿ, ಮೇಲೆ ರಬ್ಬರ್ ಮ್ಯಾಟ್ ಹಾಕಿ. ಧೂಳಿನ ದಾರಿಯಲ್ಲಿ ಮರಳು ಟ್ಯಾಂಕಿನ ಅಡಿಗೆ ಸೇರಿ ಉಜ್ಜುಕಾಗದದ ಹಾಗೆ ತಿಕ್ಕುತ್ತಲೇ ಇರುತ್ತದೆ. ಎರಡು ಮೂರು ಪ್ರವಾಸಕ್ಕೊಮ್ಮೆ ಬೆಲ್ಟು ಬಿಚ್ಚಿ, ಎತ್ತಿ, ಒರೆಸಿ. ಆಗ ತಳದಲ್ಲಿ ಹೊಳಪು ಕಳೆದುಕೊಂಡ ತೇಪೆಗಳು ಕಂಡರೆ ಅಲ್ಲಿ ತಿಕ್ಕಾಟ ನಡೆಯುತ್ತಿದೆ ಎಂದು ಅರ್ಥ, ಪಟ್ಟಿ ಸಡಿಲವಾಗಿದೆ.

9. ನೀರು ಹೊರಗೆ ತೆಗೆಯುವುದು

12 ವೋಲ್ಟಿನ ಡಯಾಫ್ರಂ ಪಂಪು ಸಾಕು. ನಿಮಿಷಕ್ಕೆ 4ರಿಂದ 6 ಲೀಟರ್ ಕೊಡುವ ಚಿಕ್ಕದೇ ಒಳ್ಳೆಯದು, ನೀರು ಉಳಿಯುತ್ತದೆ. ಪಂಪಿನ ಮೊದಲು ಜಾಲರಿ ಇರುವ ಸ್ಟ್ರೈನರ್, ವೈರಿಗೆ ಫ್ಯೂಸ್, ಕೈಗೆ ಸಿಗುವ ಸ್ವಿಚ್. ಗಾಡಿ ಓಡುವಾಗ ಸ್ವಿಚ್ ಆಫ್ ಇರಲಿ. ಪೈಪು ಎಲ್ಲಾದರೂ ಕಳಚಿದರೆ ಒತ್ತಡ ಇಳಿಯಿತೆಂದು ಪಂಪು ತಾನೇ ಶುರುವಾಗಿ ಟ್ಯಾಂಕನ್ನು ದಾರಿಗೆ ಸುರಿದುಬಿಡುತ್ತದೆ.

ಬ್ಯಾಟರಿ ಕೈಕೊಟ್ಟರೂ ನೀರು ಸಿಗಬೇಕು. ಟ್ಯಾಂಕಿನ ತಳಕ್ಕಿಂತ ಕೆಳಗೆ ಒಂದು ಸಾದಾ ನಲ್ಲಿ ಇಡಿ. ಒತ್ತಡ ಇರುವುದಿಲ್ಲ, ಸಣ್ಣಗೆ ಬರುತ್ತದೆ, ಆದರೂ ಬರುತ್ತದೆ. ಬಾಡಿಯ ಕೆಳಗಿನ ಟ್ಯಾಂಕಿಗೆ ಇದು ಆಗದಿದ್ದರೆ ಒಂದು ಕೈಪಂಪು.

ಮಟ್ಟ ನೋಡಲು ಪಕ್ಕದಲ್ಲೊಂದು ಪಾರದರ್ಶಕ ಟ್ಯೂಬು ಎಲ್ಲಕ್ಕಿಂತ ನಂಬಿಕೆಯದ್ದು. ಅದರ ಪಕ್ಕ ಮಾರ್ಕರಿನಲ್ಲಿ 10 ಲೀಟರಿಗೊಂದು ಗೆರೆ ಎಳೆಯಿರಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅಳತೆಯ ಕ್ಯಾನಿನಿಂದ ಸುರಿಯುತ್ತಾ ಗೆರೆ ಹಾಕಿದರೆ ಆ ಗುರುತು ಸರಿಯಾಗಿರುತ್ತದೆ.

10. ಮೊದಲ ಸಲ ತುಂಬುವ ಮುನ್ನ

ಹೊಸ ಟ್ಯಾಂಕಿನೊಳಗೆ ಪ್ಲಾಸ್ಟಿಕ್ ಚೂರು, ಧೂಳು ಇರುತ್ತದೆ. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ. ಆಮೇಲೆ ತುಂಬಾ ನೀರು ತುಂಬಿ, ಸುವಾಸನೆ ಇಲ್ಲದ, 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ ಮನೆಬಳಕೆಯ ಬ್ಲೀಚನ್ನು ಲೀಟರಿಗೆ 1 ಮಿಲಿಲೀಟರಿನಂತೆ ಹಾಕಿ. 80 ಲೀಟರಿಗೆ 80 ಮಿಲಿಲೀಟರ್. ನಲ್ಲಿ ತಿರುಗಿಸಿ ಬ್ಲೀಚ್ ವಾಸನೆ ಬರುವವರೆಗೆ ಬಿಡಿ, ಪೈಪಿಗೂ ಹೋಗಲಿ. ನಾಲ್ಕು ಗಂಟೆ ಬಿಟ್ಟು ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವವರೆಗೆ ತೊಳೆಯಿರಿ. ಬ್ಲೀಚಿಗೆ ವಿನೆಗರ್ ಅಥವಾ ಬೇರೆ ಯಾವ ಕ್ಲೀನರನ್ನೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಪ್ಲಾಸ್ಟಿಕ್ ರುಚಿ ಉಳಿದಿದ್ದರೆ ಅಡುಗೆ ಸೋಡಾ ಕರಗಿಸಿದ ನೀರು ಒಂದು ರಾತ್ರಿ ಇಟ್ಟು ತೊಳೆಯಿರಿ.

ಫಿಲ್ಟರ್ ಹಾಕುವವರಿಗೆ ಒಂದು ಮಾತು. ಕಾರ್ಬನ್ ಫಿಲ್ಟರ್ ರುಚಿಯ ಜೊತೆಗೆ ಕ್ಲೋರಿನ್ನನ್ನೂ ತೆಗೆಯುತ್ತದೆ. ಅದನ್ನು ತುಂಬುವ ಬಾಯಿಗೆ ಹಾಕಿದರೆ ಟ್ಯಾಂಕಿನಲ್ಲಿ ಕೂರುವ ನೀರಿಗೆ ಕಾವಲೇ ಇಲ್ಲದಂತಾಗುತ್ತದೆ. ತುಂಬುವ ಕಡೆ ಕಸ ಹಿಡಿಯುವ ಫಿಲ್ಟರ್ ಮಾತ್ರ ಇರಲಿ, ಕಾರ್ಬನ್ ನಲ್ಲಿಯ ಹತ್ತಿರ ಇರಲಿ. ಹೊಳೆ, ಕೆರೆಯ ನೀರನ್ನು ಕುಡಿಯುವ ಮೊದಲು ಒಂದು ನಿಮಿಷ ಚೆನ್ನಾಗಿ ಕುದಿಸಿ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಮತ್ತು ರಾಸಾಯನಿಕ ಹೋಗುವುದಿಲ್ಲ.

ಚಳಿ ಪ್ರದೇಶಕ್ಕೆ ಹೋಗುವುದಾದರೆ, ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ. ಟ್ಯಾಂಕಿಗಿಂತ ಮೊದಲು ಒಡೆಯುವುದು ಪಂಪು ಮತ್ತು ಫಿಟಿಂಗ್. ರಾತ್ರಿ ಮಲಗುವ ಮುನ್ನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನ ನೀರು ಬಿಟ್ಟುಬಿಡಿ. ಟ್ಯಾಂಕನ್ನು ಕಂಠಪೂರ್ತಿ ತುಂಬಬೇಡಿ.

ದೂರದ ಪ್ರವಾಸಕ್ಕೆ ಮೊದಲು ಟ್ಯಾಂಕ್ ತುಂಬಿ ಮನೆಯ ಹತ್ತಿರದ ಕೆಟ್ಟ ರಸ್ತೆಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ಬಂದ ತಕ್ಷಣ ಪ್ರತಿ ಫಿಟಿಂಗಿನ ಕೆಳಗೆ ಒಣ ಟಿಶ್ಯೂ ಒತ್ತಿ ನೋಡಿ, ಕಣ್ಣಿಗೆ ಕಾಣದ ಜಿನುಗು ಅದಕ್ಕೆ ಸಿಗುತ್ತದೆ. ಬೆಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ, ಹೊಸ ಬೆಲ್ಟು ಮೊದಲ ಓಟದಲ್ಲಿ ಸ್ವಲ್ಪ ಹಿಗ್ಗುತ್ತದೆ. ಪ್ರವಾಸ ಮುಗಿದ ಮೇಲೆ ಪೂರ್ತಿ ಖಾಲಿ ಮಾಡಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಒಳಗೆ ಒಣಗುವವರೆಗೆ ಮುಚ್ಚಳ ಹಾಕದೆ ಇಡಿ.